ಪಾಲಿಗೆ ಬಂದ ಅರ್ಧ ಸಿನಿಮಾ

ಸಿನಿಮಾದ ಸಿಡಿ ಕೊಳ್ಳುವುದು ರೊಕ್ಕ ದಂಡ ಎಂಬುದು ನನ್ನ ಮಾತು. ಬಾಡಿಗೆಗೆ ತಂದು ನೋಡಿ ಮರುದಿನ ಕೊಟ್ಟು ಬಂದರೆ ಮುಗಿಯಿತು. ಒಮ್ಮೆ ನೋಡಿದ ಸಿನಿಮಾವನ್ನು ಕಪಾಟಿನಲ್ಲಿ ಇಟ್ಟುಕೊಂಡು ಮಾಡುವುದೇನು? ಸಿಂಧನೂರಿನ ರಹಿಮಾನನ ಅಂಗಡಿಯ ಮುಂದೆ ನಿಂತು ಇದೇ ಮಾತನ್ನು ನಮ್ಮ ದೊಡ್ಡವ್ವನಿಗೂ ಹೇಳಿದ್ದೆ. ಆಕೆ ಕೇಳಲಿಲ್ಲ. ಯಾವಾಗ ಯಾರ ಮಾತು ಕೇಳಿದ್ದಳು ಆಕೆ?

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ, ಸಾಲಗುಂದದ ಗದ್ದೆಮ್ಮ. ಗಂಡ ತೀರಿಕೊಂಡಾಗ ಆಕೆಯ ಹಿರಿಯ ಮಗ ನರಸಣ್ಣನಿಗೆ ದನ ಕಾಯುವ ವಯಸ್ಸು. ಸಣ್ಣವ ಪಂಪಣ್ಣ ಇನ್ನೂ ಅವ್ವನ ಸೆರಗು ಬಿಟ್ಟಿರಲಿಲ್ಲ. ಕಾಲುವೆಯ ನೀರು ಬಂದು ಸುತ್ತಲಿನ ಹೊಲಗಳೆಲ್ಲ ನೆಲ್ಲಿನ ಗದ್ದೆಗಳಾಗಿದ್ದ ಕಾಲ ಅದು. ದೊಡ್ಡವ್ವ ಸಸಿ ಹಚ್ಚುವ ಹೆಂಗಸರ ಗುಂಪು ಕಟ್ಟಿದಳು. ಸಾಲಗುಂದ, ತುರ್ವಿಹಾಳ, ಕಾಲುವೆಗುಂಟ ಹೊರಗಿನಿಂದ ಬಂದ ರೈತರು ನೆಲೆಸಿದ್ದ ಕ್ಯಾಂಪುಗಳು, ಎಲ್ಲೆಲ್ಲಿ ನೀರು ಬಿಟ್ಟರೋ ಅಲ್ಲೆಲ್ಲ ಆಕೆಯ ಗುಂಪು ಇಳಿಯುತ್ತಿತ್ತು. ಹಾಗೆ ಕೆಸರಿನಲ್ಲಿ ನಿಂತೇ ಗಂಡ ಬಿಟ್ಟುಹೋದ ಹೊಲವನ್ನು ಉಳಿಸಿಕೊಂಡಳು, ಮಗ್ಗುಲಿನ ಹೊಲವನ್ನೂ ಕೊಂಡಳು.

ಆ ಗುಂಪಿಗೆ ಒಂದು ರೂಢಿಯಿತ್ತು. ಸಿಂಧನೂರಿನ ಟೆಂಟಿಗೆ ಹೊಸ ಸಿನಿಮಾ ಬಂದರೆ ಎಲ್ಲರೂ ಹೋಗುತ್ತಿರಲಿಲ್ಲ. ಎಲ್ಲರೂ ಸೇರಿ ಒಂದೇ ಟಿಕೀಟಿನ ರೊಕ್ಕ ಕೂಡಿಸಿ ದೊಡ್ಡವ್ವನನ್ನು ಕಳಿಸುತ್ತಿದ್ದರು. ಮರುದಿನ ಗದ್ದೆಯಲ್ಲಿ ಆಕೆ ಕಥೆ ಹೇಳಬೇಕು. ಸಸಿ ಹಚ್ಚುವವರು ಬಗ್ಗಿಕೊಂಡು ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾರಲ್ಲ, ಅವರು ಹಿಂದಕ್ಕೆ ಹೋದಷ್ಟೂ ದೊಡ್ಡವ್ವನ ಕಥೆ ಮುಂದಕ್ಕೆ ಹೋಗುತ್ತಿತ್ತು. ಹಾಡು ಬಂದರೆ ಹಾಡುತ್ತಿದ್ದಳು. ಹೊಡೆದಾಟ ಬಂದರೆ ಕೈಯಲ್ಲಿದ್ದ ಸಸಿಯ ಕಟ್ಟನ್ನೇ ಬೀಸುತ್ತಿದ್ದಳು, ಕೆಸರು ಎಲ್ಲರ ಮುಖಕ್ಕೆ ಹಾರುತ್ತಿತ್ತು. ರಜೆಗೆ ಹೋದಾಗ ನಾನು ಬದುವಿನ ಮೇಲೆ ಕುಳಿತು ಕೇಳಿದ್ದೇನೆ. ಆಮೇಲೆ ಅದೇ ಸಿನಿಮಾಗಳನ್ನು ಲಿಂಗಸುಗೂರಿನಲ್ಲಿ ಪರದೆಯ ಮೇಲೆ ನೋಡಿದಾಗ ಅಷ್ಟು ರುಚಿ ಅನ್ನಿಸಲಿಲ್ಲ.

ಆದರೆ ಆಕೆ ಕಥೆಯನ್ನು ಇದ್ದ ಹಾಗೆ ಹೇಳುತ್ತಿರಲಿಲ್ಲ. ಗುಂಪಿನ ಮಕ್ತುಂಬೀ ಒಮ್ಮೆ ತವರಿಗೆ ಹೋದಾಗ ತಾನೇ ಒಂದು ಸಿನಿಮಾ ನೋಡಿ ಬಂದು ಜಗಳಕ್ಕೆ ನಿಂತಳು. ಅದರಲ್ಲಿ ಹುಡುಗಿ ಸಾಯುತ್ತಾಳೆ, ನೀನು ಲಗ್ನ ಮಾಡಿಸಿ ಗಂಡನ ಮನೆಗೆ ಕಳಿಸಿದೆಯಲ್ಲ ಎಂದು ಆಕೆಯ ತಕರಾರು. ದೊಡ್ಡವ್ವ ಬಗ್ಗಿದಲ್ಲಿಂದ ಏಳಲೂ ಇಲ್ಲ.

"ನಡಾ ಬಗ್ಗಿಸಿಕೊಂಡು ಕೆಸರಾಗ ನಿಂತವರ ಮುಂದ ಆಕೀನ ಹೆಂಗ ಸಾಯಿಸಲಿ ಬೇ?" ಎಂದಳು.

ಒಂದೇ ಒಂದು ಸಿನಿಮಾದ ಕಥೆಯನ್ನು ಮಾತ್ರ ಆಕೆ ಗದ್ದೆಯಲ್ಲಿ ಹೇಳಲಿಲ್ಲ. ಆ ಸಿನಿಮಾಕ್ಕೆ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದಳು. ಅದು ಅಣ್ಣ ತಮ್ಮಂದಿರ ಕಥೆ. ತಮ್ಮ ನಾಲ್ಕು ಜನರ ಮುಂದೆ ಅಣ್ಣನನ್ನು ಕಳ್ಳ ಎನ್ನುತ್ತಾನೆ. ಅಣ್ಣ ಅವನ ಟ್ರಂಕನ್ನು ಬೀದಿಗೆ ಎಸೆದು ಬಾಗಿಲು ಹಾಕಿಕೊಳ್ಳುತ್ತಾನೆ. ತಮ್ಮ ದೂರದ ಊರಿಗೆ ಹೋಗಿ ರೋಗ ಹಚ್ಚಿಕೊಂಡು ಮಲಗುತ್ತಾನೆ, ಹಟಕ್ಕೆ ಸುದ್ದಿ ಕಳಿಸುವುದಿಲ್ಲ. ಅಣ್ಣನಿಗೆ ಹೇಗೋ ತಿಳಿದು ಓಡಿ ಬರುವ ಹೊತ್ತಿಗೆ ಚಿತೆಗೆ ಬೆಂಕಿ ಬಿದ್ದಿರುತ್ತದೆ. ಇಷ್ಟೇ. ಮರುದಿನ ಹೆಂಗಸರು ಎಷ್ಟು ಕೇಳಿದರೂ ದೊಡ್ಡವ್ವ ಬಾಯಿ ಬಿಡಲಿಲ್ಲ. ರೊಕ್ಕ ಕೊಟ್ಟವರಿಗೆ ಸಿಟ್ಟು ಬಂತು. ಟಿಕೀಟಿನ ರೊಕ್ಕ ತಿರುಗಿ ಕೊಡುತ್ತೇನೆ, ಅದೊಂದು ಕೇಳಬೇಡಿರಿ ಎಂದು ಮುಗಿಸಿದಳು. ಎರಡು ಗಂಡುಮಕ್ಕಳನ್ನು ಮನೆಯಲ್ಲಿ ಇಟ್ಟುಕೊಂಡು ಆ ಕಥೆಯನ್ನು ನಾಲಿಗೆಯ ಮೇಲೆ ತರುವುದು ಆಕೆಯಿಂದ ಆಗಲಿಲ್ಲ.

ಮಕ್ಕಳು ದೊಡ್ಡವರಾದರು, ಲಗ್ನಗಳಾದವು. ನರಸಣ್ಣ ಹೊಲ ಬಿಟ್ಟು ಅಲುಗದವನು. ಪಂಪಣ್ಣನಿಗೆ ಮಸ್ಕಿಯಲ್ಲಿ ಬಟ್ಟೆ ಅಂಗಡಿ ಇಡುವ ಹುಚ್ಚು. ಅದಕ್ಕೆ ಕಾಲುವೆ ಮಗ್ಗುಲಿನ ತುಂಡು ಮಾರಬೇಕು ಎಂದು ಇವನು, ಅವ್ವ ಕೆಸರು ತುಳಿದು ಗಳಿಸಿದ್ದು ಮಾರುವುದಿಲ್ಲ ಎಂದು ಅವನು. ಊಟಕ್ಕೆ ಕುಳಿತಾಗ ಒಬ್ಬ ಎದ್ದ ಮೇಲೆ ಇನ್ನೊಬ್ಬ ಬರುವುದು ಶುರುವಾಯಿತು. ಅಷ್ಟರಲ್ಲಿ ಒಳ್ಳೆಯ ಪೀಕು ಬಂದ ವರ್ಷ ಪಂಪಣ್ಣ ಸಿಡಿ ಹಾಕುವ ಪ್ಲೇಯರ್ ತಂದ. ಮನೆಯಲ್ಲಿ ಟೀವಿ ಮೊದಲೇ ಇತ್ತು. ದೊಡ್ಡವ್ವ ಅದನ್ನು ನೋಡಿದವಳೇ ನನ್ನನ್ನು ಸಿಂಧನೂರಿಗೆ ಹೊರಡಿಸಿದಳು.

ರಹಿಮಾನ್ ಬಸ್ ನಿಲ್ದಾಣದ ಹತ್ತಿರ ಕ್ಯಾಸೆಟ್ಟಿನ ಅಂಗಡಿ ಇಟ್ಟವನು, ಈಚೆಗೆ ಸಿಡಿಗಳನ್ನೂ ತರುತ್ತಿದ್ದ. ಅಷ್ಟು ಹಳೆಯ ಸಿನಿಮಾ ಬಾಡಿಗೆಗೆ ಇಲ್ಲ, ಬೇಕೆಂದರೆ ಬೆಂಗಳೂರಿನಿಂದ ತರಿಸಬೇಕು, ತರಿಸಿದರೆ ಕೊಂಡೇ ಹೋಗಬೇಕು ಎಂದ. ಬೆಲೆ ಕೇಳಿ ನನ್ನ ಹೊಟ್ಟೆ ಉರಿಯಿತು. ಸಸಿ ಹಚ್ಚುವ ಹೆಣ್ಣಾಳಿಗೆ ಅಷ್ಟು ಕೂಲಿ ಹುಟ್ಟಬೇಕೆಂದರೆ ವಾರ ಬೇಕು. ಜೀವನಪೂರ್ತಿ ಒಂದು ಟಿಕೀಟಿನಲ್ಲಿ ಇಡೀ ಗುಂಪಿಗೆ ಸಿನಿಮಾ ತೋರಿಸಿದವಳು ನೀನು, ಈಗ ನಿನಗೇನಾಗಿದೆ ಎಂದು ಅಲ್ಲೇ ಬೈದೆ. ಆಕೆ ಸೆರಗಿನ ಗಂಟು ಬಿಚ್ಚಿ ರೊಕ್ಕ ಕೊಟ್ಟಳು. ತಿರುಗಿ ಬರುವಾಗ ಬಸ್ಸಿನಲ್ಲಿ ಹೇಳಿದಳು:

"ಆ ಕಥಿ ನನ್ನ ಬಾಯಿಲೆ ಬರವಲ್ದಪ್ಪ. ಇಬ್ಬರನ್ನೂ ಮಗ್ಗಲಕ ಕುಂದರಿಸಿ ತೋರಸ್ತೀನಿ. ಕಣ್ಣಲೆ ನೋಡ್ಲಿ."

ಸಿಡಿ ಬಂತು. ಒಂದು ಡಬ್ಬಿಯಲ್ಲಿ ಎರಡು. ಒಂದರಲ್ಲಿ ಸಿನಿಮಾದ ಮೊದಲರ್ಧ, ಇನ್ನೊಂದರಲ್ಲಿ ಉಳಿದದ್ದು ಎಂದು ರಹಿಮಾನ್ ನಮ್ಮಿಬ್ಬರಿಗೂ ತಿಳಿಸಿ ಕೊಟ್ಟಿದ್ದ. ದೊಡ್ಡವ್ವ ಅವುಗಳನ್ನು ಬಿಲ್ಲೆ ಎನ್ನುತ್ತಿದ್ದಳು. ಆದರೆ ಡಬ್ಬಿ ಮನೆಗೆ ಬಂದ ಹೊತ್ತಿನಲ್ಲಿಯೇ ಸಿಂಧನೂರಿನಲ್ಲಿ ನೆಲ್ಲು ಮಾರುವ ಗಂಜಿನಲ್ಲಿ ನರಸಣ್ಣ ದಲಾಲರ ಮುಂದೆ ತಮ್ಮನಿಗೆ, ಹೊಲ ಮಾರಿ ತಿನ್ನುವವನು ಎಂದುಬಿಟ್ಟಿದ್ದ. ಪಂಪಣ್ಣ ಮನೆಗೆ ಬಂದು ಪಾಲು ಕೇಳಿದ. ಡಬ್ಬಿಯ ಮೇಲಿನ ಪ್ಲಾಸ್ಟಿಕ್ ಹಾಳೆ ಹರಿಯಲೇ ಇಲ್ಲ, ಮನೆ ಹರಿಯಿತು.

ಯುಗಾದಿಯ ಮುಂಚೆ ಹಿರಿಯರು ಕುಳಿತು ಪಾಲು ಮಾಡಿದರು. ನಾನೂ ಇದ್ದೆ. ಪಾಲಿನ ಹಿರೇತನ ಮೈಲಾರಲಿಂಗಪ್ಪನದು. ಒಳ್ಳೆಯ ಮನುಷ್ಯ, ಚಮಚೆ ಸಹ ಎಣಿಸಿ ಹಂಚುವಷ್ಟು ಒಳ್ಳೆಯವನು. ಹೊಲ ಆಯಿತು, ದನ ಆಯಿತು, ಪಾತ್ರೆ ಆಯಿತು. ಊರಿನ ಮನೆ ನರಸಣ್ಣನಿಗೆ, ಅದರ ಬದಲಿಗೆ ಪಂಪಣ್ಣನಿಗೆ ರೊಕ್ಕ. ಟೀವಿ ದೊಡ್ಡವನಿಗೆ, ಪ್ಲೇಯರ್ ಸಣ್ಣವನಿಗೆ. ಕೊನೆಗೆ ಕಪಾಟಿನಿಂದ ಈ ಡಬ್ಬಿ ಹೊರಬಿತ್ತು. ಮೈಲಾರಲಿಂಗಪ್ಪ ಹಾಳೆ ಹರಿದು ತೆರೆದ. ಒಳಗೆ ಒಂದೇ ಅಳತೆಯ, ಒಂದೇ ಚಿತ್ರದ, ಒಂದೇ ಹೆಸರಿನ ಎರಡು ಬಿಲ್ಲೆ. ಗಂಗಾಳ ಎರಡಿದ್ದರೆ ಒಂದೊಂದು ಕೊಡುವ ಹಾಗೆ ಇವನ್ನೂ ಎತ್ತಿಕೊಂಡ.

"ನೋಡ್ರಿ, ಇದೂ ಜೋಡಿ ಐತಿ. ಒಬ್ಬರಿಗೊಂದು," ಎಂದು ಮೊದಲನೆಯದನ್ನು ನರಸಣ್ಣನ ಕಡೆ, ಎರಡನೆಯದನ್ನು ಪಂಪಣ್ಣನ ಕಡೆ ಇಟ್ಟ.

ಆ ಮನೆಯಲ್ಲಿ ಆವತ್ತು ಅದು ಅರ್ಧರ್ಧ ಎಂದು ಗೊತ್ತಿದ್ದವರು ಇಬ್ಬರೇ, ನಾನು ಮತ್ತು ದೊಡ್ಡವ್ವ. ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ನನ್ನ ಮೊಣಕಾಲು ಒತ್ತಿ ಹಿಡಿದಳು. ಎಲ್ಲರೂ ಎದ್ದುಹೋದ ಮೇಲೆ ಯಾಕೆಂದು ಕೇಳಿದೆ.

"ಅರ್ಧ ಇದ್ದಾಂವ ಇನ್ನರ್ಧಕ್ಕ ಬಂದ ಬರತಾನ," ಎಂದಳು. ಪಾಲಿನ ದಿನ ಆಕೆಯ ಮುಖದ ಮೇಲೆ ನಗು ಕಂಡದ್ದು ಅದೊಂದೇ ಸಲ.

ಯಾರೂ ಬರಲಿಲ್ಲ. ಪಂಪಣ್ಣ ಮಸ್ಕಿಯಲ್ಲಿ ಮನೆ ಮಾಡಿ ಮೊದಲು ತಂದದ್ದು ಟೀವಿ. ಅದು ಕಿವಿಗೆ ಬಿದ್ದದ್ದೇ ನರಸಣ್ಣ ಸಿಂಧನೂರಿಗೆ ಹೋಗಿ ಪ್ಲೇಯರ್ ತಂದ. ಬಿಲ್ಲೆಯ ಬೆಲೆಗೆ ಹೊಟ್ಟೆ ಉರಿಸಿಕೊಂಡವನು ನಾನು, ಅರ್ಧರ್ಧ ಸಿನಿಮಾ ನೋಡಲು ಇವರಿಬ್ಬರೂ ಸುರಿದದ್ದನ್ನು ನೋಡಿ ಏನು ಮಾಡಲಿ? ಆ ಮನೆಯಲ್ಲಿ ಸಿನಿಮಾ ನಡುವೆಯೇ ನಿಂತಿತು, ಈ ಮನೆಯಲ್ಲಿ ನಡುವಿನಿಂದಲೇ ಶುರುವಾಯಿತು. ಆಗ ಇಬ್ಬರಿಗೂ ಮೈಲಾರಲಿಂಗಪ್ಪನ ತಪ್ಪು ತಿಳಿಯಿತು. ತಿಳಿದರೂ ಇನ್ನರ್ಧ ಕೇಳಿಕೊಂಡು ಒಬ್ಬನೂ ಇನ್ನೊಬ್ಬನ ಹೊಸ್ತಿಲು ತುಳಿಯಲಿಲ್ಲ. ರಹಿಮಾನನಿಗೆ ಹೇಳಿ ಇನ್ನೊಂದು ಡಬ್ಬಿ ತರಿಸುತ್ತೇನೆ ಎಂದು ಅಲ್ಲಿ ನರಸಣ್ಣ ಹೊರಟ, ಇಲ್ಲಿ ಪಂಪಣ್ಣ ಹೊರಟ.

ಬೆಳೆ ನೋಡಿಕೊಂಡು ಒಂದಷ್ಟು ದಿನ ಸಾಲಗುಂದದಲ್ಲಿ, ಒಂದಷ್ಟು ದಿನ ಮಸ್ಕಿಯಲ್ಲಿ ಇರುತ್ತಿದ್ದ ದೊಡ್ಡವ್ವ ಇಬ್ಬರನ್ನೂ ತಡೆದಳು. ಎರಡೂ ಕಡೆ ಒಂದೇ ಮಾತು: ಒಂದು ಸಿನಿಮಾಕ್ಕೆ ಎರಡು ಸಲ ಯಾರಾದರೂ ರೊಕ್ಕ ಕೊಡುತ್ತಾರೇನು, ಉಳಿದದ್ದನ್ನು ನಾನೇ ಹೇಳುತ್ತೇನೆ, ಬಿಟ್ಟಿ. ಹೊಸ ಡಬ್ಬಿ ಬಂದರೆ ಒಬ್ಬ ಇನ್ನೊಬ್ಬನ ಮನೆಗೆ ಬರುವ ದಾರಿಯೇ ಮುಚ್ಚಿಹೋಗುತ್ತದೆ ಎಂಬ ಹೆದರಿಕೆ ಅವಳದು. ಹಾಗೆ ತಡೆದು ತಾನೇ ಸಿಕ್ಕಿಬಿದ್ದಳು. ಯಾವ ಕಥೆ ಬಾಯಿಂದ ಬಾರದೆಂದು ಬಿಲ್ಲೆ ಕೊಂಡಿದ್ದಳೋ ಆ ಕಥೆಯನ್ನು ಈಗ ಎರಡು ಮನೆಗಳಲ್ಲಿ ಬಾಯಿಂದಲೇ ಹೇಳಬೇಕಾಯಿತು.

ನರಸಣ್ಣನ ಮನೆಯಲ್ಲಿ ಮೊದಲರ್ಧ ಇತ್ತು. ಟ್ರಂಕು ಬೀದಿಗೆ ಬಿದ್ದು ಬಾಗಿಲು ಮುಚ್ಚಿದಲ್ಲಿಗೆ ಅದು ಮುಗಿಯುತ್ತದೆ. ಆಮೇಲೆ ತಮ್ಮ ಏನಾದ ಎಂದು ನರಸಣ್ಣನ ಹೆಂಡತಿ ಯಮನಮ್ಮ ಕೇಳಿದಾಗ ದೊಡ್ಡವ್ವ ಹೇಳಿದ್ದು ಹೀಗೆ: ತಮ್ಮನಿಗೆ ರೋಗ ಬಂತು, ವಾಸಿಯಾಯಿತು, ಒಂದು ದಿನ ತಾನಾಗಿಯೇ ಬಂದು ಬಾಗಿಲಲ್ಲಿ ನಿಂತು ಅಣ್ಣಾ ಎಂದ, ಅಣ್ಣ ಅವನನ್ನು ತಬ್ಬಿಕೊಂಡ. ಮಸ್ಕಿಯಲ್ಲಿ ಕೊನೆಯರ್ಧ ಇತ್ತು. ಅಲ್ಲಿ ಚಿತೆಯನ್ನು ಎಲ್ಲರೂ ಕಂಡಾಗಿತ್ತು, ಅದನ್ನು ಆಕೆ ಏನೂ ಮಾಡುವ ಹಾಗಿರಲಿಲ್ಲ. ಆದರೆ ಅಣ್ಣ ತಮ್ಮ ಬೇರೆಯಾದದ್ದು ಹೇಗೆ ಎಂದು ಪಂಪಣ್ಣ ಕೇಳಿದರೆ, ಮಂದಿ ಚಾಡಿ ಹೇಳಿ ಬೇರೆ ಮಾಡಿದರು ಎಂದಳು. ಅಣ್ಣ ಊರೂರು ಹುಡುಕಿದ, ದಿನಾ ತಮ್ಮನ ಗಂಗಾಳಕ್ಕೆ ಬಡಿಸಿ ಕಾಯುತ್ತಿದ್ದ ಎಂದಳು. ತಮ್ಮ ಅಣ್ಣನನ್ನು ಕಳ್ಳ ಎಂದದ್ದನ್ನು ಬಿಟ್ಟಳು. ಅಣ್ಣ ಟ್ರಂಕು ಎಸೆದದ್ದನ್ನೂ ಬಿಟ್ಟಳು. ಕೆಸರಿನಲ್ಲಿ ನಿಂತ ಹೆಂಗಸರಿಗೆ ಮಾಡುತ್ತಿದ್ದ ಉಪಕಾರವನ್ನೇ ತನ್ನ ಮಕ್ಕಳಿಗೂ ಮಾಡಿದಳು.

ಅದು ಉಪಕಾರವಾಗಲಿಲ್ಲ. ನಾನು ಆಗ ಲಿಂಗಸುಗೂರಿನಲ್ಲಿ ಕೆಲಸಕ್ಕಿದ್ದೆ. ಸಿಂಧನೂರಿಗೆ ಹೋಗುವಾಗ ಬರುವಾಗ ಮಸ್ಕಿಯಲ್ಲಿ ಇಳಿಯುತ್ತಿದ್ದೆ, ಸಾಲಗುಂದಕ್ಕೂ ಹೋಗುತ್ತಿದ್ದೆ. ಅಲ್ಲಿ ನರಸಣ್ಣ, ಸಿನಿಮಾದಲ್ಲಿ ಸಹ ತಮ್ಮನೇ ಬಂದು ಕರೆದನಂತೆ, ಇವನಿಗೇನು ಧಾಡಿ ಎನ್ನುತ್ತಿದ್ದ. ಇಲ್ಲಿ ಪಂಪಣ್ಣ, ಅಣ್ಣ ಎಂದರೆ ಊರೂರು ಹುಡುಕಬೇಕು, ನಮ್ಮವನು ಮಸ್ಕಿಯ ಬಸ್ ಹತ್ತಲಿಲ್ಲ ಎನ್ನುತ್ತಿದ್ದ. ತಮ್ಮ ಬರಲಿ ಎಂದು ಒಬ್ಬ, ಅಣ್ಣ ಬರಲಿ ಎಂದು ಒಬ್ಬ. ಇಬ್ಬರೂ ಅವ್ವನ ಕಥೆಯನ್ನು ಹಿಡಿದುಕೊಂಡು ಆರಾಮಾಗಿ ಕುಳಿತಿದ್ದರು.

ತೊಂಬತ್ತೊಂಬತ್ತರ ದಸರೆಯ ಹೊತ್ತಿಗೆ ನನ್ನ ತಾಳ್ಮೆ ಮುಗಿಯಿತು. ಮಸ್ಕಿಯ ಮನೆಯಲ್ಲಿ ದೊಡ್ಡವ್ವ ಒಬ್ಬಳೇ ಇದ್ದಳು, ಅಕ್ಕಿ ಆರಿಸುತ್ತ ಕುಳಿತಿದ್ದಳು. ಎದುರಿಗೆ ಕುಳಿತು ಎಲ್ಲವನ್ನೂ ಹೇಳಿದೆ. ಇವರು ಬರದಿರುವುದಕ್ಕೆ ಹಟವೊಂದೇ ಕಾರಣವಲ್ಲ, ನಿನ್ನ ಕಥೆಯೂ ಕಾರಣ, ನೀನು ಎರಡೂ ಬಾಗಿಲಿಗೆ ಅಗಳಿ ಹಾಕಿದ್ದೀ ಎಂದೆ. ಮಾತು ಕಟುವಾಯಿತು. ಆದರೆ ಸುಳ್ಳಲ್ಲ. ಆಕೆಯ ಕೈ ಮೊರದ ಮೇಲೆ ನಿಂತಿತು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ.

"ಹೆತ್ತ ಮಕ್ಕಳ ಮುಂದ ಹೆಂಗ ಹೇಳಲ್ಯೋ," ಎಂದಳು. ಮೊರವನ್ನು ಪಕ್ಕಕ್ಕೆ ಸರಿಸಿ ತಾನೇ ಅಂದಳು: "ಈ ಸಲ ಸಾಲಗುಂದಕ್ಕ ಹೋಗುವಾಗ ಬಿಲ್ಲಿ ಒಯ್ತೀನಿ. ಪಂಪಣ್ಣನ್ನೂ ಕೈ ಹಿಡಕೊಂಡು ಒಯ್ತೀನಿ. ಖರೇದ್ದ ನೋಡ್ಲಿ."

ಆಕೆ ಹೋದದ್ದು ಹಾಗಲ್ಲ. ನೆಲ್ಲು ತೆನೆ ಹಾಯುವ ಹೊತ್ತಿನಲ್ಲಿ ಜ್ವರ ಬಂತು, ಮಾತ್ರೆಗೆ ಜಗ್ಗಲಿಲ್ಲ, ಸಿಂಧನೂರಿನ ದವಾಖಾನೆಗೆ ಒಯ್ಯುವ ಮಾತು ನಡೆದಿರುವಾಗಲೇ ಜೀವ ಹೋಯಿತು. ಪಂಪಣ್ಣ ಟೆಂಪೊ ಮಾಡಿಸಿ ಅವ್ವನನ್ನು ಸಾಲಗುಂದಕ್ಕೆ ತಂದ. ಅವನು ಆ ಅಂಗಳಕ್ಕೆ ಮತ್ತೆ ಕಾಲಿಟ್ಟದ್ದು ಅವ್ವನ ಹೆಣದ ಜೊತೆಗೆ. ಗಂಡನ ಮಗ್ಗುಲಲ್ಲೇ ಹೊಲದಲ್ಲಿ ಮಣ್ಣು ಮಾಡಿದೆವು. ಅಣ್ಣ ತಮ್ಮ ಇಬ್ಬರೂ ಒಂದೇ ಕುಣಿಗೆ ಮಣ್ಣು ಹಾಕಿದರು, ಒಬ್ಬರನ್ನೊಬ್ಬರು ನೋಡಲಿಲ್ಲ. ತಿಥಿಯ ದಿವಸದ ತನಕವೂ ಹಾಗೆಯೇ. ಅಕ್ಕಿ ಎಷ್ಟು ಹಾಕಬೇಕು ಎಂಬ ಮಾತನ್ನೂ ನನ್ನ ಮೂಲಕ ಆಡುತ್ತಿದ್ದರು. ಅವ್ವ ಸತ್ತರೂ ಬಾಯಿ ಬಿಚ್ಚದ ಇವರ ಮೇಲೆ ನನಗೆ ಅಂದು ಬಂದಷ್ಟು ಸಿಟ್ಟು ಯಾವತ್ತೂ ಬಂದಿರಲಿಲ್ಲ.

ದಿವಸದ ಊಟ ಮುಗಿದು ಮಂದಿ ಕರಗಿದ ಮೇಲೆ ಪಂಪಣ್ಣನ ಹೆಂಡತಿ ಅತ್ತೆಯ ಕೈಚೀಲವನ್ನು ತಂದು ಯಮನಮ್ಮನ ಮುಂದೆ ಬಿಚ್ಚಿದಳು. ಎರಡು ಸೀರೆ, ಎಲೆ ಅಡಿಕೆಯ ಸಂಚಿ. ಸೀರೆಯ ಮಡಿಕೆಯೊಳಗೆ ಎರಡನೆಯ ಬಿಲ್ಲೆ. ಅತ್ತೆ ದಸರೆಯಿಂದಲೂ ಅದನ್ನು ಚೀಲದಲ್ಲಿ ಕಟ್ಟಿಟ್ಟುಕೊಂಡಿದ್ದಳು, ಯಾಕೆಂದು ಕೇಳಿದರೆ ಹೇಳುತ್ತಿರಲಿಲ್ಲ ಎಂದಳು. ಎಲ್ಲರೂ ನನ್ನ ಕಡೆ ನೋಡಿದರು. ದೊಡ್ಡವ್ವ ಮಸ್ಕಿಯಲ್ಲಿ ನನಗೆ ಹೇಳಿದ ಮಾತನ್ನು ಹೇಳಿದೆ, ಅಷ್ಟನ್ನೇ. ಕಥೆ ಬದಲಿಸಿದ್ದನ್ನು ಹೇಳಲಿಲ್ಲ. ಅದನ್ನು ಬಿಲ್ಲೆಯೇ ಹೇಳಲಿ.

ಯಮನಮ್ಮ ಎದ್ದು ಹೋಗಿ ಕಪಾಟಿನಲ್ಲಿದ್ದ ಮೊದಲನೆಯ ಬಿಲ್ಲೆಯನ್ನು ಡಬ್ಬಿಯ ಸಮೇತ ತಂದಳು. ದಿವಸದ ದಿನ ಸಿನಿಮಾ ಹಚ್ಚುವುದೇನು ಎಂದು ಯಾರೋ ಗೊಣಗಿದರು. ಮೂಲೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದ ಮೈಲಾರಲಿಂಗಪ್ಪ ಕೈ ಎತ್ತಿದ. ಪಾಲಿನಲ್ಲಿ ತಾನು ಒಂದನ್ನು ಎರಡೆಂದು ತಿಳಿದು ಹರಿದುಕೊಟ್ಟೆ, ಅದು ತನ್ನ ಕಣ್ಣಮುಂದೆ ಒಂದಾಗಲಿ ಎಂದ. ಹಿರಿಯನ ಮಾತಿಗೆ ಯಾರೂ ಎದುರಾಡಲಿಲ್ಲ.

ಮೊದಲನೆಯ ಬಿಲ್ಲೆ ಓಡಿತು. ನರಸಣ್ಣ ಅದನ್ನು ನೋಡಿದವನು, ಕಣ್ಣು ಟೀವಿಯ ಮೇಲಿದ್ದರೂ ಮನಸ್ಸು ಹೊಲದಲ್ಲಿತ್ತು. ಪಂಪಣ್ಣ ಬಾಗಿಲ ಹತ್ತಿರ ಕುಳಿತಿದ್ದ, ಬೇಕಾದಾಗ ಎದ್ದುಹೋಗುವ ಹಾಗೆ. ಪರದೆಯ ಮೇಲೆ ತಮ್ಮ ನಾಲ್ಕು ಜನರ ಮುಂದೆ ಅಣ್ಣನನ್ನು ಕಳ್ಳ ಎಂದ. ಪಂಪಣ್ಣ ತಿರುಗಿ ನನ್ನನ್ನು ನೋಡಿದ. ನಾನು ಮುಖ ತಿರುಗಿಸಿದೆ. ಟ್ರಂಕು ಬೀದಿಗೆ ಬಿತ್ತು, ಬಾಗಿಲು ಮುಚ್ಚಿತು. ಊರೂರು ಹುಡುಕಿದ ಅಣ್ಣ ಎಲ್ಲಿಯೂ ಇರಲಿಲ್ಲ, ಬಡಿಸಿ ಕಾದ ಗಂಗಾಳವೂ ಇರಲಿಲ್ಲ. ಇಬ್ಬರದ್ದೂ ತಪ್ಪು, ಇಬ್ಬರದ್ದೂ ಹಟ, ಅಷ್ಟೇ ಇತ್ತು. ಬಿಲ್ಲೆ ನಿಂತಾಗ ಅವನು ಎದ್ದುಹೋಗಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಇನ್ನಷ್ಟು ಒಳಗೆ ಸರಿದು ಕುಳಿತ.

ಎರಡನೆಯದನ್ನು ಯಮನಮ್ಮ ಹಾಕಿದಳು. ಈಗ ಪಂಪಣ್ಣ ನೋಡಿದ್ದು, ನರಸಣ್ಣ ನೋಡದ್ದು. ತಮ್ಮ ಹಾಸಿಗೆ ಹಿಡಿದಾಗ ನರಸಣ್ಣ ಟೀವಿಯ ಕಡೆ ಬಗ್ಗಿದ. ಇನ್ನೇನು ಎದ್ದಾನು, ಬಾಗಿಲಿಗೆ ಬಂದಾನು, ಅಣ್ಣಾ ಎಂದಾನು ಎಂದು ಕಾದ. ಅವ್ವ ಹಾಗೆಂದೇ ಹೇಳಿದ್ದಳಲ್ಲ. ತಮ್ಮ ಏಳಲಿಲ್ಲ. ಅಣ್ಣ ಓಡಿ ಬರುವ ಹೊತ್ತಿಗೆ ಬೆಂಕಿ ಹತ್ತಿತ್ತು. ಸಿನಿಮಾ ಮುಗಿದು ಟೀವಿ ನೀಲಿಯಾಯಿತು. ಆರಿಸಲು ಯಾರೂ ಏಳಲಿಲ್ಲ. ಹೊರಗೆ ದನ ಹೊಡೆದುಕೊಂಡು ಬರುವವರ ಸದ್ದು ಕೇಳುತ್ತಿತ್ತು.

"ಅವ್ವ ನನಗ ಹಿಂಗ ಹೇಳಿರಲಿಲ್ಲ," ಎಂದ ನರಸಣ್ಣ, ಯಾರಿಗೂ ಅಲ್ಲದ ಹಾಗೆ.

"ನನಗೂ ಹೇಳಿರಲಿಲ್ಲಣ್ಣ," ಎಂದ ಪಂಪಣ್ಣ.

ಆ ಎರಡು ಮಾತುಗಳ ನಡುವೆ ನಾನಿರಲಿಲ್ಲ. ಪಾಲಾದ ಮೇಲೆ ಅವರು ನೇರವಾಗಿ ಆಡಿದ ಮೊದಲ ಮಾತು ಅದು. ತಬ್ಬಿಕೊಳ್ಳಲಿಲ್ಲ, ಕಾಲಿಗೆ ಬೀಳಲಿಲ್ಲ, ಅಂಥದ್ದೆಲ್ಲ ದೊಡ್ಡವ್ವನ ಕಥೆಗಳಲ್ಲಿ. ಯಮನಮ್ಮ ಮೈದುನನ ಮುಂದೆ ಚಹಾ ಇಟ್ಟಳು, ಅವನು ಕುಡಿದ. ಕತ್ತಲಾಗುವ ಮುಂಚೆ ಅವ್ವನ ಕುಣಿಯ ಮಣ್ಣು ಕುಸಿದಿದೆಯೇನೋ ನೋಡೋಣ ಎಂದು ನರಸಣ್ಣ ಸಲಿಕೆ ತೆಗೆದುಕೊಂಡ. ಪಂಪಣ್ಣ ನೀರಿನ ಕೊಡ ಹೊತ್ತು ಹಿಂದೆ ಹೋದ.

ಬಿಲ್ಲೆಗಳನ್ನು ನಾನೇ ಡಬ್ಬಿಗೆ ಹಾಕಿದೆ, ಎರಡನ್ನೂ. ಆ ರೊಕ್ಕ ದಂಡ ಎಂದು ರಹಿಮಾನನ ಅಂಗಡಿಯ ಮುಂದೆ ನಾನು ಆಡಿದ ಮಾತಿಗೆ ದೊಡ್ಡವ್ವನ ಉತ್ತರ ಈಗ ನನ್ನ ಕೈಯಲ್ಲಿತ್ತು. ಡಬ್ಬಿ ಈಗ ಸಾಲಗುಂದದ ಕಪಾಟಿನಲ್ಲಿದೆ. ಅದನ್ನು ಆಮೇಲೆ ಯಾರೂ ಹಚ್ಚಿಲ್ಲ, ಪಾಲೂ ಕೇಳಿಲ್ಲ.